ಆ್ಯಪ್ ಆರಿಸುವ ಮೊದಲು ಫೋನ್ ಯಾರದ್ದು ಅಂತ ನೋಡಿ

ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಹತ್ತಿರ ಬಂದು, "ಮಿಸ್, ಫೋನಲ್ಲಿ ಹಾಕಿದ ಆ್ಯಪನ್ನು ಯಾರಿಗೂ ಗೊತ್ತಾಗದ ಹಾಗೆ ತೆಗೆಯೋದು ಹೇಗೆ?" ಅಂತ ಕೇಳಿದಳು. ಸ್ವಲ್ಪ ಹೊತ್ತಾದ ಮೇಲೆ ವಿಷಯ ಹೊರಗೆ ಬಂತು. ಮುಟ್ಟಿನ ದಿನ ನೆನಪಿಟ್ಟುಕೊಳ್ಳಲು ಒಂದು ಆ್ಯಪ್ ಹಾಕಿಕೊಂಡಿದ್ದಳು. ಫೋನ್ ಅಪ್ಪನದ್ದು. ಅಪ್ಪನದ್ದು ಕಿರಾಣಿ ಅಂಗಡಿ. ಗಿರಾಕಿಯೊಬ್ಬರು ಸ್ಕ್ಯಾನ್ ಮಾಡಿ ದುಡ್ಡು ಹಾಕಿದ್ದಾರೆ, ಬಂತಾ ಅಂತ ಅಪ್ಪ ಫೋನ್ ಎತ್ತಿ ತೋರಿಸುವ ಹೊತ್ತಿಗೆ ಸರಿಯಾಗಿ ಮೇಲಿಂದ ಗುಲಾಬಿ ಬಣ್ಣದ ಪಟ್ಟಿಯೊಂದು ಇಳಿದಿದೆ: ನಿಮ್ಮ ಪಿರಿಯಡ್ಸ್‌ಗೆ ಇನ್ನು ಎರಡು ದಿನ. ಗಿರಾಕಿ ಓದಿ ನಕ್ಕರಂತೆ. ಅಪ್ಪ ಏನೂ ಅನ್ನಲಿಲ್ಲ. ಆದರೆ ಅವತ್ತೇ ಫೋನಿಗೆ ಲಾಕ್ ಬಿತ್ತು, ಹುಡುಗಿಗೆ ಹೋಮ್‌ವರ್ಕ್ ಗ್ರೂಪ್ ನೋಡುವುದೂ ತಪ್ಪಿತು.

ಆ್ಯಪಿನಲ್ಲಿ ತಪ್ಪೇನೂ ಇರಲಿಲ್ಲ. ಅದು ತನ್ನ ಕೆಲಸ ಮಾಡಿತು, ಆದರೆ ಆ ಫೋನಿನಲ್ಲಿ ಮಾಡಬಾರದಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪೋಷಕರ ಸಭೆಯಲ್ಲಿ ಈಗ ಮಾರ್ಕ್ಸ್ ಆದ ಮೇಲೆ ಎರಡನೇ ಪ್ರಶ್ನೆ ಇದೇ: "ಮಕ್ಕಳಿಗೆ ಯಾವ ಆ್ಯಪ್ ಹಾಕಿಕೊಡೋಣ ಮಿಸ್?" ಮನಸ್ಸಿಗೆ ಒಂದು, ನಿದ್ದೆಗೆ ಒಂದು, ಮುಟ್ಟಿಗೆ ಒಂದು, ತೂಕಕ್ಕೆ ಒಂದು. ಪ್ಲೇಸ್ಟೋರ್ ತುಂಬ ಸಿಗುತ್ತವೆ, ಎಲ್ಲಕ್ಕೂ ನಾಲ್ಕೂವರೆ ಸ್ಟಾರ್. ಸ್ಟಾರ್ ನೋಡಿ ಆರಿಸಬೇಡಿ. ಮೊದಲು ಮೂರು ವಿಷಯ ನೋಡಿ. ಫೋನ್ ಮಗುವಿನದ್ದಾ ಅಥವಾ ಮನೆಯ ನಾಲ್ಕು ಜನರದ್ದಾ? ಮಗು ದುಃಖ ಆದಾಗ ಯಾವ ಭಾಷೆಯಲ್ಲಿ ಯೋಚಿಸುತ್ತದೆ? ತೊಂದರೆ ಆದಾಗ ಆ ಕಡೆಯಿಂದ ಉತ್ತರ ಕೊಡುವವರು ಮನುಷ್ಯರಾ, ಮಷೀನಾ? ಈ ಮೂರರ ಉತ್ತರ ಗೊತ್ತಾದರೆ ಅರ್ಧಕ್ಕರ್ಧ ಆ್ಯಪ್‌ಗಳು ತಾವಾಗಿಯೇ ಉದುರಿಹೋಗುತ್ತವೆ.

ಮನಸ್ಸಿನ ಭಾರಕ್ಕೆ: ನಂಬರ್, ಆ್ಯಪ್, ಅಥವಾ ಎಐ?

ಇಲ್ಲಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹೆಚ್ಚಿನ ಮಕ್ಕಳಿಗೆ ಫೋನ್ ನಂಬರೇ ಸರಿ, ಆ್ಯಪ್ ಆಮೇಲೆ.

ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ ಸೇವೆ ಇದೆ. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡ ಇದೆ. ಕೀಪ್ಯಾಡ್ ಫೋನಿನಿಂದಲೂ ಹೋಗುತ್ತದೆ, ಡೇಟಾ ಪ್ಯಾಕ್ ಬೇಕಾಗಿಲ್ಲ. ಮಕ್ಕಳಿಗೆ ಹೇಳುವ ಮೊದಲು ನಾನೇ ಒಮ್ಮೆ ಮಾಡಿ ನೋಡಿದೆ, ಯಾಕಂದರೆ ಎತ್ತದ ನಂಬರನ್ನು ಬೋರ್ಡ್ ಮೇಲೆ ಬರೆಯುವುದಕ್ಕಿಂತ ಬರೆಯದೇ ಇರುವುದು ವಾಸಿ. ಭಾಷೆ ಆರಿಸಿಕೊಂಡೆ, ಸ್ವಲ್ಪ ಕಾದೆ, ಆ ಕಡೆ ಹೆಣ್ಣುಮಗಳೊಬ್ಬರು ಕನ್ನಡದಲ್ಲೇ "ಹೇಳಿ" ಅಂದರು. ನಾನು ಟೀಚರ್, ಸುಮ್ನೆ ವಿಚಾರಿಸಲು ಮಾಡಿದೆ ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ. ಪರೀಕ್ಷೆ ಭಯ, ನಿದ್ದೆ ಬಾರದಿರುವುದು, ಮನೆಯಲ್ಲಿ ಜಗಳ, ಯಾವುದಕ್ಕಾದರೂ ಮಕ್ಕಳು ಮಾಡಬಹುದು, ದೊಡ್ಡ ಕಾಯಿಲೆಯೇ ಇರಬೇಕು ಅಂತಿಲ್ಲ ಅಂದರು. ಜಾಸ್ತಿ ತೊಂದರೆ ಇದ್ದರೆ ಅಲ್ಲಿಂದ ಮುಂದೆ ಮಾನಸಿಕ ತಜ್ಞರಿಗೆ ಜೋಡಿಸುವ ವ್ಯವಸ್ಥೆಯೂ ಇದೆ.

ಮಕ್ಕಳ ಸಹಾಯವಾಣಿ 1098 ಇದಕ್ಕಿಂತ ಬೇರೆ. ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಜನ. ಮನಸ್ಸು ಕುಗ್ಗಿದ್ದರೆ 14416. ಹೊಡೆಯುತ್ತಿದ್ದರೆ, ಕೆಟ್ಟದಾಗಿ ಮುಟ್ಟಿದ್ದರೆ, ಓದು ಬಿಡಿಸಿ ಕೆಲಸಕ್ಕೆ ಕಳಿಸಿದ್ದರೆ, ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಮದುವೆ ಮಾತು ನಡೆದಿದ್ದರೆ 1098. ಮೊದಲನೆಯದರಲ್ಲಿ ಮಾತು ಕೇಳುತ್ತಾರೆ, ಎರಡನೆಯದರಲ್ಲಿ ಬೇಕಾದರೆ ಜನ ಬರುತ್ತಾರೆ. ಕ್ಲಾಸಿನಲ್ಲಿ ನಾನು ಹೇಳುವುದು ಇಷ್ಟೇ: ತೊಂದರೆ ಒಳಗಿದ್ದರೆ 14416, ಹೊರಗಿಂದ ಯಾರಾದರೂ ಕೊಡುತ್ತಿದ್ದರೆ 1098.

ಗುಟ್ಟಿನ ವಿಷಯದಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ. ಹೇಳಿದ್ದೆಲ್ಲ ಗುಟ್ಟಾಗಿ ಉಳಿಯುತ್ತದೆ ಅಂತ ಆಣೆ ಇಡಲು ಆಗುವುದಿಲ್ಲ. 2012ರ ಪೋಕ್ಸೋ ಕಾನೂನಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೌನ್ಸೆಲರ್ ಆದರೂ ಅಷ್ಟೇ, ನಾನಾದರೂ ಅಷ್ಟೇ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೂ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಮಕ್ಕಳು ಹೆದರಿ ಮಾತಾಡುವುದಿಲ್ಲ ಅಂತ ಒಬ್ಬ ಸಹೋದ್ಯೋಗಿ ವಾದ ಮಾಡಿದರು. ನನಗೆ ಹಾಗನ್ನಿಸಲಿಲ್ಲ. ಆಮೇಲೆ ಗೊತ್ತಾದರೆ ಆ ಮಗು ಇನ್ನೆಂದೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನಂಬರಿನ ದೊಡ್ಡ ತೊಡಕು ಎರಡು. ಒಂದು, ಮಾತಾಡಲು ಜಾಗ ಬೇಕು. ಎರಡು ಕೋಣೆಯ ಮನೆಯಲ್ಲಿ ಅಜ್ಜಿ ಪಕ್ಕದಲ್ಲೇ ಮಲಗಿರುವಾಗ ಯಾವ ಮಗು ಮಾತಾಡುತ್ತದೆ? ಎರಡು, ಕಾಲ್ ಲಿಸ್ಟಿನಲ್ಲಿ ಆ ನಂಬರ್ ಉಳಿಯುತ್ತದೆ. ಹಂಚಿಕೊಂಡ ಫೋನಾದರೆ ಮಾತು ಮುಗಿದ ಮೇಲೆ ಅದನ್ನು ಅಳಿಸುವುದು ಹೇಗೆ ಅಂತ ಮಕ್ಕಳಿಗೆ ನಾನು ತೋರಿಸಿಕೊಡುತ್ತೇನೆ. ಪೋಷಕರು ಇದನ್ನು ಓದಿ ಕೋಪ ಮಾಡಿಕೊಳ್ಳಬಹುದು. ಮಾಡಿಕೊಳ್ಳಿ.

ಮಾತಾಡಲು ಜಾಗ ಇಲ್ಲದ ಮಗುವಿಗೆ ಟೈಪ್ ಮಾಡುವ ಆ್ಯಪ್ ಅನುಕೂಲ. ವೈಸಾ ಅಂತ ಒಂದಿದೆ, ಹುಟ್ಟಿದ್ದು ಬೆಂಗಳೂರಿನಲ್ಲೇ. ಪುಟ್ಟ ಪೆಂಗ್ವಿನ್ ಒಂದು ನಿಮ್ಮ ಜೊತೆ ಚಾಟ್ ಮಾಡುತ್ತದೆ, ಉಸಿರಾಟದ ವ್ಯಾಯಾಮ ಹೇಳಿಕೊಡುತ್ತದೆ, "ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ" ಅನ್ನುವಂಥ ಯೋಚನೆಯನ್ನು ಹಿಡಿದು ಅದು ನಿಜವಾ ಅಂತ ತಿರುಗಿಸಿ ನೋಡಲು ಕಲಿಸುತ್ತದೆ. ಹೆಸರು ಕೊಡಬೇಕಾಗಿಲ್ಲ. ಇಂಗ್ಲಿಷ್ ಸಲೀಸಾಗಿ ಬರುವ, ಸ್ವಂತ ಫೋನ್ ಇರುವ, ಪರೀಕ್ಷೆ ಟೆನ್ಷನ್ ಅಂಥ ಮಧ್ಯಮ ಭಾರದ ತೊಂದರೆ ಇರುವ ಪಿಯುಸಿ ಹುಡುಗ ಹುಡುಗಿಯರಿಗೆ ಇದು ಚೆನ್ನ. ನಮ್ಮ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿಗೆ ಅಲ್ಲ. ತನ್ನ ಸಂಕಟವನ್ನು ಮೊದಲು ಇಂಗ್ಲಿಷಿಗೆ ತರ್ಜುಮೆ ಮಾಡಿ ಆಮೇಲೆ ಸಮಾಧಾನ ಪಡೆಯಬೇಕು ಅಂದರೆ ಅದು ಇನ್ನೊಂದು ಹೋಮ್‌ವರ್ಕ್ ಆಗುತ್ತದೆ, ಅಲ್ವಾ?

ಇನ್ನು ಚಾಟ್‌ಜಿಪಿಟಿ ಥರದ ಎಐ. ಇದಕ್ಕೆ ಕನ್ನಡ ಬರುತ್ತದೆ, ರಾತ್ರಿ ಎರಡು ಗಂಟೆಗೂ ಉತ್ತರ ಕೊಡುತ್ತದೆ, ಬೈಯುವುದಿಲ್ಲ. ಮಕ್ಕಳು ಆಗಲೇ ಬಳಸುತ್ತಿದ್ದಾರೆ, ನಾವು ಅನುಮತಿ ಕೊಟ್ಟರೂ ಕೊಡದಿದ್ದರೂ. ಅದರ ತೊಂದರೆ ಏನಂದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಸ್ವಭಾವ. ಗೆಳತಿಯಾದರೆ "ಹೋಗೆ, ತಲೆ ಕೆಟ್ಟಿದೆಯಾ" ಅನ್ನುವ ಜಾಗದಲ್ಲಿ ಇದು "ನಿನ್ನ ನೋವು ಅರ್ಥವಾಗುತ್ತದೆ" ಅನ್ನುತ್ತದೆ. ಅಮೆರಿಕದಲ್ಲಿ 2025ರಲ್ಲಿ ಮಗನನ್ನು ಕಳೆದುಕೊಂಡ ತಂದೆ ತಾಯಿ ಇದೇ ವಿಷಯಕ್ಕೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಮೇಲೆ ಕೇಸು ಹಾಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ಪೋಷಕರ ಹಿಡಿತದ ಸೆಟ್ಟಿಂಗ್ ತಂದಿತು. ನಾನು ಮಕ್ಕಳಿಗೆ ಹೇಳುವುದು, ಮಾತು ಶುರು ಮಾಡಲು ಬೇಕಾದರೆ ಬಳಸಿ, ಮುಗಿಸಲು ಬೇಡ. ಒಬ್ಬಳು ಇದನ್ನು ಸರಿಯಾಗಿ ಹಿಡಿದಳು. "ಮುಟ್ಟಿನ ಹೊಟ್ಟೆನೋವು ತಡೆಯಲು ಆಗುತ್ತಿಲ್ಲ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು ಅಂತ ಅಮ್ಮನಿಗೆ ಹೇಗೆ ಹೇಳಲಿ" ಅಂತ ಕೇಳಿ ನಾಲ್ಕು ಸಾಲು ಬರೆಸಿಕೊಂಡು, ಅದನ್ನು ತನ್ನ ಮಾತಿಗೆ ತಿರುಗಿಸಿ ಅಮ್ಮನ ಮುಂದೆ ಹೇಳಿದಳಂತೆ. ಅಷ್ಟಕ್ಕೆ ಎಐ ಸಾಕು.

ಮುಟ್ಟಿನ ಲೆಕ್ಕಕ್ಕೆ

ಆ್ಯಪ್‌ಗಳಲ್ಲಿ ಜಾಸ್ತಿ ಜನ ಹಾಕಿಕೊಳ್ಳುವುದು ಫ್ಲೋ. ನೋಡಲು ಚಂದ, ಓದಲು ಲೇಖನ ಜಾಸ್ತಿ. ಆದರೆ ಬಳಸುವವರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್ ಮುಂತಾದ ಕಂಪನಿಗಳ ಜೊತೆ ಹಂಚಿಕೊಂಡಿತ್ತು ಅನ್ನುವ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2021ರಲ್ಲಿ ರಾಜಿ ಮಾಡಿಕೊಂಡಿದ್ದೂ ಇದೇ ಫ್ಲೋ. ಡ್ರಿಪ್ ಅಂತ ಇನ್ನೊಂದಿದೆ, ಬರ್ಲಿನ್ನಿನ ಒಂದು ಚಿಕ್ಕ ಗುಂಪು ಮಾಡಿದ್ದು. ಗುಲಾಬಿ ಬಣ್ಣ ಇಲ್ಲ, ಬರೆದದ್ದೆಲ್ಲ ಫೋನಿನ ಒಳಗೇ ಇರುತ್ತದೆ, ಪಾಸ್‌ವರ್ಡ್ ಹಾಕಬಹುದು. ಯುನಿಸೆಫ್‌ನ ಓಕಿ ಹುಡುಗಿಯರಿಗೆಂದೇ ಮಾಡಿದ್ದು, ಇಂಡೋನೇಷ್ಯಾ ಮತ್ತು ಮಂಗೋಲಿಯಾದ ಹುಡುಗಿಯರನ್ನು ಕೂರಿಸಿಕೊಂಡು ಕೇಳಿ ರೂಪಿಸಿದ್ದು, ನೆಟ್ ಇಲ್ಲದೆಯೂ ನಡೆಯುತ್ತದೆ. ಸ್ವಂತ ಫೋನ್ ಇದ್ದರೆ ನಾನು ಡ್ರಿಪ್ ಅಥವಾ ಓಕಿ ಅನ್ನುತ್ತೇನೆ, ಹಾಕಿದ ಕೂಡಲೇ ನೋಟಿಫಿಕೇಶನ್ ಆಫ್ ಮಾಡಿ ಅನ್ನುತ್ತೇನೆ. ಹಂಚಿಕೊಂಡ ಫೋನಾದರೆ ಯಾವುದೂ ಬೇಡ.

ಇನ್ನೊಂದು ವಿಷಯ, ಇದನ್ನು ಯಾವ ಆ್ಯಪೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಅದು ಕ್ಯಾಲೆಂಡರ್ ಪ್ರಕಾರ ಬರುವುದಿಲ್ಲ. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು, ಎರಡೂ ಸಹಜ. ಆ್ಯಪ್ ಮಾತ್ರ ತನ್ನ ಲೆಕ್ಕ ಹಿಡಿದು "5 ದಿನ ತಡ", "9 ದಿನ ತಡ" ಅಂತ ತೋರಿಸುತ್ತಾ ಹೋಗುತ್ತದೆ. ಹದಿಮೂರರ ಹುಡುಗಿ ಹೆದರದೇ ಇರುತ್ತಾಳಾ? ನನ್ನ ಹತ್ತಿರ ಅತ್ತುಕೊಂಡು ಬಂದವರಿದ್ದಾರೆ. ಹೆದರಬೇಕಾದ ಗುರುತು ಬೇರೆ ಇವೆ. ಮೂರು ತಿಂಗಳು ದಾಟಿದರೂ ಬಾರದಿದ್ದರೆ, ಏಳು ದಿನಕ್ಕಿಂತ ಜಾಸ್ತಿ ಹೋಗುತ್ತಿದ್ದರೆ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ಹದಿನೈದಾದರೂ ಶುರುವೇ ಆಗದಿದ್ದರೆ ಡಾಕ್ಟರ್ ನೋಡಬೇಕು. ಈ ನಾಲ್ಕನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದುಕೊಂಡರೆ ಯಾವ ಪ್ರೀಮಿಯಂ ಆ್ಯಪಿಗೂ ಕಡಿಮೆ ಇಲ್ಲ.

ಕಿರಾಣಿ ಅಂಗಡಿಯ ಹುಡುಗಿ ಈಗ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ನಿನಿಂದ ಒಂದು ಚುಕ್ಕಿ ಇಡುತ್ತಾಳೆ. ಅಪ್ಪ ಅದನ್ನು ಗ್ಯಾಸ್ ಸಿಲಿಂಡರ್ ಬಂದ ದಿನ ಅಂದುಕೊಂಡಿದ್ದಾರಂತೆ.

ನಿದ್ದೆ ಮತ್ತು ರೀಲ್ಸ್

ಇದರಲ್ಲಿ ನಾನು ಸೋತು ಕಲಿತವಳು. ನನ್ನ ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ಅವನ ಫೋನಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿದೆ. ಒಳ್ಳೆಯದೇ. ದಿನಕ್ಕೆ ಎಷ್ಟು ಹೊತ್ತು ಅಂತ ನಾವು ನಿಗದಿ ಮಾಡಬಹುದು, ರಾತ್ರಿ ತಾನಾಗಿ ಲಾಕ್ ಆಗುತ್ತದೆ, ಹೊಸ ಆ್ಯಪ್ ಹಾಕಲು ನಮ್ಮ ಒಪ್ಪಿಗೆ ಬೇಕು, ಆದರೆ ಮಗುವಿನ ಮೆಸೇಜ್ ನಮಗೆ ಕಾಣುವುದಿಲ್ಲ. ಈ ಕೊನೆಯದು ಕೊರತೆ ಅಲ್ಲ, ಅದೇ ಅದರ ಗುಣ. ವಾಟ್ಸಾಪ್ ಎಲ್ಲ ಓದಿ ತೋರಿಸುವ ಗೂಢಚಾರಿ ಆ್ಯಪ್‌ಗಳೂ ಇವೆ, ಅವನ್ನು ಹಾಕಿದ ದಿನವೇ ಮಗು ನಿಮ್ಮ ಹತ್ತಿರ ನಿಜ ಹೇಳುವುದನ್ನು ನಿಲ್ಲಿಸುತ್ತದೆ.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ನಾನು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಾ ಕೂತಾಗ "ಅಮ್ಮಾ, ಇನ್ನು ಹದಿನೈದು ನಿಮಿಷ ಕೊಡು" ಅಂತ ಫೋನ್. ಕೊಟ್ಟೆ. ಮತ್ತೆ ಫೋನ್. ಕೊಟ್ಟೆ. ಒಂದು ದಿನ ಕೊಡಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ನನಗೆ ಒಳಗೊಳಗೇ ಖುಷಿ. ಮನೆಗೆ ಹೋಗಿ ನೋಡಿದರೆ ಅತ್ತೆಯ ಫೋನಿನಲ್ಲಿ ಕ್ರಿಕೆಟ್ ರೀಲ್ಸ್ ನೋಡುತ್ತಾ ಕೂತಿದ್ದಾನೆ, ಅತ್ತೆಯೂ ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ.

ಆಂಡ್ರಾಯ್ಡ್ ಒಳಗೇ ಇರುವ ಡಿಜಿಟಲ್ ವೆಲ್‌ಬೀಯಿಂಗ್ ಇನ್ನೊಂದು ದಾರಿ. ಅದರಲ್ಲಿ ಮಿತಿ ಹಾಕುವವನೂ ಅವನೇ, ತೆಗೆಯುವವನೂ ಅವನೇ. ಹಾಗಾಗಿ ಹದಿನಾರು ಹದಿನೇಳರವರಿಗೆ, ತಾವೇ ಕಡಿಮೆ ಮಾಡಬೇಕು ಅಂತ ಮನಸ್ಸು ಮಾಡಿದವರಿಗೆ ಮಾತ್ರ. ರಾತ್ರಿ ಸ್ಕ್ರೀನನ್ನು ಕಪ್ಪು ಬಿಳುಪು ಮಾಡುವ ಬೆಡ್‌ಟೈಮ್ ಮೋಡ್ ಒಂದು ಅದರಲ್ಲಿದೆ, ಒಮ್ಮೆ ಹಾಕಿ ನೋಡಿ, ರೀಲ್ಸ್ ದೂರದರ್ಶನದ ಹಳೇ ವಾರ್ತೆ ಥರ ಕಾಣುತ್ತದೆ. ಐಫೋನಿನ ಸ್ಕ್ರೀನ್ ಟೈಮಿಗೆ ಪೋಷಕರು ಪಾಸ್‌ಕೋಡ್ ಇಡಬಹುದು, ಅದು ಎರಡರ ನಡುವಿನದ್ದು. ಇನ್‌ಸ್ಟಾಗ್ರಾಂ ತಾನೇ 2024ರಲ್ಲಿ ಟೀನ್ ಅಕೌಂಟ್ ಅಂತ ತಂದಿತು, ನಮ್ಮ ದೇಶಕ್ಕೆ 2025ರಲ್ಲಿ ಬಂತು. ಅಕೌಂಟ್ ಪ್ರೈವೇಟ್ ಆಗಿರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ, 16ರೊಳಗಿನವರು ಸೆಟ್ಟಿಂಗ್ ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಹುಟ್ಟಿದ ವರ್ಷ ಸುಳ್ಳು ಹಾಕಿದ್ದರೆ ಇದ್ಯಾವುದೂ ಇಲ್ಲ. ನನ್ನ ಕ್ಲಾಸಿನ ಅರ್ಧ ಮಕ್ಕಳು ಇನ್‌ಸ್ಟಾಗ್ರಾಂ ಪ್ರಕಾರ ನನಗಿಂತ ದೊಡ್ಡವರು.

ಕೊನೆಗೆ ನಮ್ಮ ಮನೆಯಲ್ಲಿ ನಿಂತದ್ದು ಯಾವ ಆ್ಯಪೂ ಅಲ್ಲ. ರಾತ್ರಿ ಒಂಬತ್ತೂವರೆಗೆ ಎಲ್ಲರ ಫೋನೂ ಫ್ರಿಜ್ ಮೇಲೆ ಚಾರ್ಜಿಗೆ. ನನ್ನದೂ, ಅತ್ತೆಯದೂ. ಮೊದಲ ವಾರ ಜಾಸ್ತಿ ಚಡಪಡಿಸಿದವಳು ನಾನೇ. ಅಲಾರಂ ಬೇಕಲ್ಲ ಅಂತ ಮಗ ನೆಪ ಹೇಳಿದ, ಸಂತೆಯಿಂದ 250 ರೂಪಾಯಿಗೆ ಒಂದು ಅಲಾರಂ ಗಡಿಯಾರ ತಂದೆ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ಸಿಗುತ್ತಿದೆಯಾ ಅಂತ ನೋಡಲು ಸ್ಮಾರ್ಟ್‌ವಾಚ್ ಬೇಕಿಲ್ಲ, ಮೊದಲ ಪಿರಿಯಡ್ಡಿನಲ್ಲಿ ಮಗುವಿನ ಮುಖ ನೋಡಿದರೆ ಸಾಕು.

ಫೋನ್ ಕಿತ್ತುಕೊಂಡರೆ ಹೊಡೆಯಲು ಬರುವುದು, ಊಟ ಬಿಡುವುದು, ಶಾಲೆಗೆ ಹೋಗದಿರುವುದು, ಅಲ್ಲಿಗೆ ಮುಟ್ಟಿದ್ದರೆ ಆ್ಯಪ್ ಹುಡುಕುತ್ತಾ ಕೂರಬೇಡಿ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ.

ಊಟ, ರಕ್ತ, ತೂಕ

ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಹದಿಹರೆಯದವರ ಕೈಗೆ ಕೊಡಲೇಬೇಡಿ. ಬೆಳೆಯುವ ಮಗು ಮುದ್ದೆಯನ್ನು ನಂಬರಾಗಿ ನೋಡಲು ಶುರು ಮಾಡಿದರೆ ಅದನ್ನು ಬಿಡಿಸುವುದು ಕಷ್ಟ. ಹೆಜ್ಜೆ ಎಣಿಸುವ ಆ್ಯಪ್ ಪರವಾಗಿಲ್ಲ, ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 60 ನಿಮಿಷದ ಮೈದಣಿವಿಗೆ ಕಬಡ್ಡಿ ಅಂಕಣವೇ ಸಾಕು.

ನಮ್ಮ ಮಕ್ಕಳ ನಿಜವಾದ ಸಮಸ್ಯೆ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ಇದು ಇತ್ತು, ಹುಡುಗರಲ್ಲೂ ನೂರಕ್ಕೆ 31. ಉಗುರಿನ ಫೋಟೋ ತೆಗೆದರೆ ಹಿಮೋಗ್ಲೋಬಿನ್ ಹೇಳುತ್ತೇವೆ ಅನ್ನುವ ಆ್ಯಪ್‌ಗಳಿವೆ, ಅವನ್ನು ನಂಬಿ ಕೂರಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿಗೆ ಚುಚ್ಚಿ ನೋಡುತ್ತಾರೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆ ಇದಕ್ಕೇ. ರಜೆಯಲ್ಲಿ ಅದು ತಪ್ಪುತ್ತದೆ, ಆಗ ಫೋನಿನ ಅಲಾರಂ ಕೆಲಸಕ್ಕೆ ಬರುತ್ತದೆ: ಸೋಮವಾರ, ಮಧ್ಯಾಹ್ನ ಊಟ ಆದ ಮೇಲೆ. ಟೀ ಜೊತೆ ಬೇಡ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಗಾದರೆ ಗಾಬರಿ ಬೇಡ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಮಾತ್ರೆ ಕಿಟಕಿಯಿಂದಾಚೆ ಹೋಗುತ್ತದೆ.

ಮೊಡವೆಗೆ ರೀಲ್ಸ್ ನೋಡಿ ಮೆಡಿಕಲ್ ಶಾಪಿನಿಂದ ಕ್ರೀಮ್ ತರುವ ಚಟ ಈಗ ಹುಡುಗರಲ್ಲೂ ಇದೆ. ಅಂಥ ಎಷ್ಟೋ ಕ್ರೀಮಿನಲ್ಲಿ ಸ್ಟಿರಾಯ್ಡ್ ಇರುತ್ತದೆ, ವಾರ ಎರಡು ವಾರ ಮುಖ ಹೊಳೆಯುತ್ತದೆ, ಆಮೇಲೆ ಕೆಂಪಗಾಗಿ ಉರಿಯುತ್ತದೆ. ಅದರ ಬದಲು ಇ-ಸಂಜೀವಿನಿ ನೋಡಿ, ಸರ್ಕಾರದ್ದು, ಮನೆಯಿಂದಲೇ ವಿಡಿಯೋದಲ್ಲಿ ಡಾಕ್ಟರ್ ಸಿಗುತ್ತಾರೆ, ಪುಕ್ಕಟೆ. ಆದರೆ ಲಾಗಿನ್‌ಗೆ ಓಟಿಪಿ ಬೇಕು, ಓಟಿಪಿ ಬರುವುದು ಅಪ್ಪನ ನಂಬರಿಗೆ. ಹಾಗಾಗಿ ಮೊಡವೆ, ಕೆಮ್ಮು, ಅಲರ್ಜಿಗೆ ಇದು ಸರಿ, ಗುಟ್ಟಿನ ಪ್ರಶ್ನೆಗಳಿಗೆ ಅಲ್ಲ. ಅವಕ್ಕೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕೇ ವಾಸಿ, ಹದಿಹರೆಯದವರಿಗೆಂದೇ ಇರುವ ಕೋಣೆ, ಎದುರಿಗೆ ಒಬ್ಬ ಆಪ್ತ ಸಮಾಲೋಚಕರು.

ಮಾಹಿತಿ ಕಳ್ಳತನಕ್ಕೆ ಕಾನೂನು ಬಂದಿದೆಯಲ್ಲ ಅಂತ ಕೇಳುವವರಿಗೆ ಒಂದು ಮಾತು. 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಅವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ ಅನ್ನುತ್ತದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಗಡುವು. ಅಲ್ಲಿಯವರೆಗೆ ನೋಟಿಫಿಕೇಶನ್ ಆಫ್, ಲೊಕೇಶನ್ ಆಫ್, ಕಾಂಟ್ಯಾಕ್ಟ್ ನೋಡಲು ಕೇಳಿದರೆ ಬೇಡ ಅನ್ನಿ.

ಈ ಜೂನ್‌ನಲ್ಲಿ ಶಾಲೆ ಶುರುವಾದಾಗ 14416, 1098 ಎರಡನ್ನೂ ದೊಡ್ಡದಾಗಿ ಬರೆದು ನೋಟಿಸ್ ಬೋರ್ಡಿಗೆ ಹಾಕಿದೆ. ಯಾರೂ ಅದರ ಮುಂದೆ ನಿಲ್ಲಲಿಲ್ಲ. ನಿಂತರೆ ಉಳಿದವರು ನೋಡುತ್ತಾರಲ್ಲ. ಆಮೇಲೆ ಅದನ್ನೇ ಚಿಕ್ಕದಾಗಿ ಬರೆದು ಹುಡುಗಿಯರ ಟಾಯ್ಲೆಟ್ಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದೆ, ಚಿಲಕ ಹಾಕಿಕೊಂಡರೆ ಮಾತ್ರ ಕಾಣುವ ಹಾಗೆ. ಹತ್ತು ದಿನ ಬಿಟ್ಟು ನೋಡಿದರೆ ಕೆಳಗೆ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: "ರಾತ್ರಿ ಮಾಡಿದರೂ ಎತ್ತುತ್ತಾರಾ?" ಅದರ ಕೆಳಗೆ ಬೇರೆ ಅಕ್ಷರದಲ್ಲಿ, "ಹೂಂ, ಎತ್ತುತ್ತಾರೆ."